ನಿವೃತ್ತಿಯ ನಂತರ ಕೈಗೆ ಬಂದ ವಿದ್ಯೆ: ಅದು ಅಲ್ಲಿಯವರೆಗೆ ಎಲ್ಲಿತ್ತು?

ಮಾಜಿ ಶಿರಸ್ತೇದಾರ, ಶಿವಮೊಗ್ಗ

ನ್ಯಾಯಾಲಯದ ಸೇವೆಯಿಂದ ನಿವೃತ್ತನಾದ ಮೇಲೆ ನಾನು ಗಮಕ, ಅಂದರೆ ಕಾವ್ಯವನ್ನು ರಾಗದಲ್ಲಿ ವಾಚಿಸುವ ಕಲೆ, ಕಲಿಯಲು ಸೇರಿಕೊಂಡೆ. ನಮ್ಮದು ಹಾಡುಗಾರರ ಮನೆತನವಲ್ಲ; ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲಿಸುವಾಗಲೂ ನನ್ನನ್ನು ಹಿಂದಿನ ಸಾಲಿಗೆ ಕಳಿಸುತ್ತಿದ್ದರು. ಗಮಕಕ್ಕೆ ಹೆಸರಾದ ಹೊಸಹಳ್ಳಿ ನಮ್ಮ ಊರಿನ ಮಗ್ಗುಲಲ್ಲೇ ಇದೆ. ಅಲ್ಲಿನ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಿತು. ಹೀಗಿದ್ದರೂ ಅದು ನನ್ನಂಥವನಿಗೆ ದಕ್ಕುವ ವಿದ್ಯೆಯೆಂದು ನೌಕರಿಯಲ್ಲಿದ್ದಷ್ಟು ಕಾಲ ನನಗೆ ಅನ್ನಿಸಿರಲಿಲ್ಲ.

ಪಾಠ ಶುರುವಾದ ಮೇಲೆ ನಮ್ಮ ಗುರುಗಳು ಹೇಳಿದ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ನನ್ನ ಕಂಠ ಸಾಧಾರಣ, ರಾಗಜ್ಞಾನ ಇನ್ನೂ ಬರಬೇಕು, ಆದರೆ ಎಲ್ಲಿ ಬಿಡಿಸಬೇಕು, ಎಲ್ಲಿ ಕೂಡಿಸಬೇಕು ಎಂಬುದು ನನಗೆ ಹೇಳಿಕೊಡದೆಯೇ ಬಂದಿದೆ ಎಂದು ಅವರು ಹೇಳಿದರು. ಗಮಕದ ಪರಿಚಯವಿಲ್ಲದವರಿಗಾಗಿ ಇದನ್ನು ತುಸು ಬಿಡಿಸಿ ಹೇಳುತ್ತೇನೆ. ಕುಮಾರವ್ಯಾಸ ತನ್ನ ಭಾರತಕ್ಕೆ ಬಳಸಿದ್ದು ಭಾಮಿನಿ ಷಟ್ಪದಿ. ಆರು ಸಾಲುಗಳ ಈ ಪದ್ಯದಲ್ಲಿ ಒಂದು, ಎರಡು, ನಾಲ್ಕು ಮತ್ತು ಐದನೆಯ ಸಾಲುಗಳಿಗೆ ತಲಾ 14 ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳಿಗೆ ತಲಾ 23, ಒಟ್ಟು 102 ಮಾತ್ರೆ. ಮಾತ್ರೆಯ ಲೆಕ್ಕಕ್ಕೆ ಸಾಲು ಮುಗಿಯುತ್ತದೆಯೇ ಹೊರತು ಅರ್ಥ ಅಲ್ಲಿಗೆ ಮುಗಿಯಬೇಕೆಂದೇನೂ ಇಲ್ಲ. ಪೀಠಿಕೆಯ ಪ್ರಸಿದ್ಧ ಪದ್ಯದಲ್ಲಿ ಮೊದಲ ಸಾಲು ‘ರಾಮಾ’ ಎಂದು ನಿಲ್ಲುತ್ತದೆ, ಎರಡನೆಯದು ‘ಯಣದ’ ಎಂದು ಆರಂಭವಾಗುತ್ತದೆ. ಅಚ್ಚಾದ ಸಾಲನ್ನು ನೋಡಿಕೊಂಡು ಉಸಿರು ಬಿಟ್ಟರೆ ರಾಮಾಯಣ ಎರಡು ತುಂಡಾಗುತ್ತದೆ. ತಾಳದ ಕಟ್ಟಿಲ್ಲದ ಗಮಕದಲ್ಲಿ ಕೇಳುಗನಿಗೆ ಅರ್ಥ ತಲುಪಬೇಕಾದರೆ ವಾಚಕನು ಕಣ್ಣಿಗೆ ಕಾಣುವ ಸಾಲನ್ನು ಮರೆತು, ವಾಕ್ಯ ನಿಲ್ಲುವ ಜಾಗವನ್ನು ಮುಂಚಿತವಾಗಿ ಕಂಡುಕೊಂಡಿರಬೇಕು.

ಇದು ನನಗೆ ಎಲ್ಲಿಂದ ಬಂತು? ಯೋಚಿಸಿದಾಗ ಹೊಳೆದದ್ದು ನನ್ನ ಬೆಂಚ್ ಗುಮಾಸ್ತಿಕೆ. ಸಾಕ್ಷಿಯ ಹೇಳಿಕೆಯನ್ನು ದಾಖಲಿಸಿಕೊಂಡ ನಂತರ ಅದನ್ನು ಅವರಿಗೆ ಓದಿ ಹೇಳಿ, ಒಪ್ಪಿದ ಮೇಲೆ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳಬೇಕು. ‘ಸದರಿ ಜಮೀನಿನ ಪೂರ್ವಕ್ಕೆ ಮೇಲ್ಕಂಡ ಆರೋಪಿಯ ಸ್ವಾಧೀನದಲ್ಲಿರುವ’ ಎಂದು ಹೊರಟ ವಾಕ್ಯ ಅರ್ಧ ಪುಟ ಕಳೆದರೂ ಕ್ರಿಯಾಪದಕ್ಕೆ ಬರುವುದಿಲ್ಲ. ಕೇಳುತ್ತ ನಿಂತವರು ಓದು ಬರಹ ಬಾರದ ರೈತರು, ಹೆದರಿದ ಹೆಂಗಸರು. ಅವರ ಮುಖ ನೋಡಿಕೊಂಡು ಓದುತ್ತ ಓದುತ್ತ, ಯಾವ ಶಬ್ದದ ಮೇಲೆ ನಿಂತರೆ ಅವರಿಗೆ ತಿಳಿಯುತ್ತದೆ ಎಂಬುದು ನನ್ನ ಬಾಯಿಗೆ ರೂಢಿಯಾಗಿತ್ತು. ಅದನ್ನು ಯಾರೂ ವಿದ್ಯೆ ಎನ್ನಲಿಲ್ಲ, ನಾನೂ ಎನ್ನಲಿಲ್ಲ. ಕಡತ ಬೇಗ ವಿಲೇವಾರಿಯಾದರೆ ಸಾಕಾಗಿತ್ತು.

ಹೀಗಾಗಿ ನನ್ನ ಅಭಿಪ್ರಾಯ ಇದು: ಇಳಿವಯಸ್ಸಿನಲ್ಲಿ ಹಠಾತ್ತನೆ ಕಾಣಿಸಿಕೊಂಡಿತು ಎನ್ನುವ ಪ್ರತಿಭೆ ಬಹುಪಾಲು ಹಳೆಯ ಕೆಲಸದ ನೆರಳಿನಲ್ಲಿ ಬೆಳೆದದ್ದು. ಅದಕ್ಕೆ ಕಲೆಯ ಮರ್ಯಾದೆ ಕೊಡುವ ಜಾಗಕ್ಕೆ ನಾವು ಹೋಗಿ ತಲುಪುವುದು ಮಾತ್ರ ತಡವಾಗುತ್ತದೆ. ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ, ಆ ವಿದ್ಯೆ ಮೊದಲು ಯಾವ ರೂಪದಲ್ಲಿತ್ತು ಎಂದು ಬರೆಯಬೇಕಾಗಿ ವಿನಂತಿ.

ಕಸೂತಿಯಾಕೆ, ಧಾರವಾಡ

ಶಿರಸ್ತೇದಾರ ಸಾಹೇಬರೆ, ತಮ್ಮ ಬರಹವನ್ನು ಓದಿ ನನ್ನ ವಿಷಯವನ್ನೂ ಹೇಳಬೇಕೆನಿಸಿತು. ಮಕ್ಕಳೆಲ್ಲ ಊರು ಬಿಟ್ಟ ಮೇಲೆ ನಾನು ಕಸೂತಿ ಕಲಿತೆ. ನಮ್ಮ ಭಾಗದಲ್ಲಿ ಇದು ಹಳೆಯ ಕೈಕೆಲಸ, ಆದರೆ ನನ್ನ ತವರಿನಲ್ಲಿಯೂ ಅತ್ತೆಮನೆಯಲ್ಲಿಯೂ ಯಾರೂ ಮಾಡುತ್ತಿರಲಿಲ್ಲ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡಿಸುವ ಈ ಕೆಲಸದಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂಥಿ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಬಟ್ಟೆಯ ಎಳೆಗಳನ್ನು ಎಣಿಸಿಕೊಂಡೇ ಸೂಜಿ ಹಾಕಬೇಕು, ಗಂಟು ಹಾಕುವಂತಿಲ್ಲ.

ಇವುಗಳಲ್ಲಿ ತಲೆಗೆ ಕೆಲಸ ಕೊಡುವುದು ಗವಂತಿ. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ, ಹೀಗೆ ಖಾಲಿ ಬಿಡುತ್ತ ಹೋಗಬೇಕು. ಮರಳಿ ಬರುವಾಗ ಬಿಟ್ಟ ಖಾಲಿಗಳನ್ನು ತುಂಬುತ್ತ ಬರಬೇಕು. ಮುಗಿದ ಮೇಲೆ ಬಟ್ಟೆಯ ಎರಡೂ ಮಗ್ಗಲು ಒಂದೇ ರೀತಿ ಕಾಣಬೇಕು. ನೆಟ್ಟಗಿನ ಗೆರೆಯಾದರೆ ಸುಲಭ. ಆದರೆ ಗೋಪುರದಲ್ಲಿ ಪ್ರತಿ ಅಂತಸ್ತಿಗೂ ಕವಲುಗಳಿರುತ್ತವೆ. ಯಾವ ಕವಲಿಗೆ ಹೋಗುವಾಗಲೇ ಹೊಕ್ಕು ಬರಬೇಕು, ಯಾವುದನ್ನು ಬರುವಾಗಿನ ದಾರಿಗೆ ಉಳಿಸಬೇಕು ಎಂಬುದನ್ನು ಸೂಜಿ ಹಾಕುವ ಮೊದಲೇ ನಿರ್ಧರಿಸದಿದ್ದರೆ ದಾರ ನಡುವೆ ಸಿಕ್ಕಿಕೊಳ್ಳುತ್ತದೆ, ಇಲ್ಲವೆ ಹಿಂದಿನ ಮಗ್ಗಲಲ್ಲಿ ಉದ್ದನೆಯ ಜಿಗಿತ ಕಾಣುತ್ತದೆ. ಕಲಿಸುವವರು ನಕ್ಷೆಯ ಕಾಗದದ ಮೇಲೆ ಬಾಣದ ಗುರುತು ಹಾಕಿಕೊಡುತ್ತಾರೆ. ನನಗೆ ಆ ಬಾಣಗಳು ಬೇಕಾಗಲಿಲ್ಲ. ಹೊಸ ನಮೂನೆ ಕಂಡ ಕೂಡಲೇ ಹೋಗುವ ದಾರಿ, ಬರುವ ದಾರಿ ಎರಡೂ ಕಣ್ಣ ಮುಂದೆ ಬರುತ್ತಿದ್ದವು. ಈಗ ಉಳಿದವರಿಗೆ ನಾನೇ ದಾರಿ ಬರೆದುಕೊಡುತ್ತೇನೆ.

ಇದು ಎಲ್ಲಿತ್ತೆಂದು ತಾವು ಕೇಳಿದ್ದೀರಿ. ನಮ್ಮ ಮನೆಯ ಅಂಗಳದಲ್ಲಿತ್ತು. ಚುಕ್ಕಿ ಇಟ್ಟು ಕೈ ಎತ್ತದೆ ಎಳೆ ಸುತ್ತಿಸುವ ರಂಗೋಲಿಯನ್ನು ನಾನು ಮದುವೆಗಿಂತ ಮುಂಚಿನಿಂದಲೂ ಹಾಕುತ್ತ ಬಂದಿದ್ದೇನೆ. ಹೊಸಿಲು ದಾಟುವಾಗ ಎಲ್ಲರೂ ಅದನ್ನು ತುಳಿದುಕೊಂಡೇ ಹೋಗುತ್ತಿದ್ದರು. ಆದ್ದರಿಂದ ‘ನೆರಳಿನಲ್ಲಿ ಬೆಳೆದದ್ದು’ ಎನ್ನುವ ತಮ್ಮ ಮಾತಿಗೆ ನನ್ನ ತಕರಾರಿದೆ. ತಮ್ಮ ಓದು ನ್ಯಾಯಾಲಯದ ತೆರೆದ ಕೋಣೆಯಲ್ಲಿ ನಡೆಯುತ್ತಿತ್ತು, ನನ್ನ ರಂಗೋಲಿ ಬೀದಿಗೆ ಮುಖ ಮಾಡಿತ್ತು. ಅದರಲ್ಲಿ ಅಡಗಿದ್ದು ಯಾವುದು? ಹೆಂಗಸರ ಮಟ್ಟಿಗಂತೂ ಪ್ರತಿಭೆ ತಡವಾಗಿ ಹೊರಗೆ ಬಂತೆಂದರೆ, ನೋಡುವವರು ತಡವಾಗಿ ತಿರುಗಿ ನೋಡಿದರು ಎಂದೇ ತಿಳಿಯಬೇಕು.

ಸಂಶಯಿ, ಬೆಂಗಳೂರು

ಇಬ್ಬರ ಬರಹವೂ ಚೆನ್ನಾಗಿದೆ, ಆದರೆ ಇಂಥ ಚರ್ಚೆಗಳಲ್ಲಿ ಬರೆಯುವವರು ಪ್ರತಿಭೆ ಸಿಕ್ಕವರು ಮಾತ್ರ ಎಂಬುದನ್ನು ಮರೆಯಬಾರದು. ಸಿಗದವರ ಪರವಾಗಿ ನಾನು ಬರೆಯುತ್ತಿದ್ದೇನೆ. ನಿವೃತ್ತನಾದ ಮೇಲೆ ಹಾರ್ಮೋನಿಯಂ ಕೊಂಡೆ, ಜಲವರ್ಣದ ತರಗತಿಗೆ ಸೇರಿದೆ, ತಾರಸಿಯಲ್ಲಿ ತೋಟ ಮಾಡಿದೆ, ಮೊಮ್ಮಗಳ ಒತ್ತಾಯಕ್ಕೆ ಚೆಸ್ ಕಲಿತೆ. ಎಲ್ಲದರಲ್ಲೂ ನಾನು ಮಧ್ಯಮಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಹಾರ್ಮೋನಿಯಂ ಈಗ ಅಟ್ಟದ ಮೇಲಿದೆ. ಹಿಂದೆಲ್ಲ ವಯಸ್ಸಾದವರನ್ನು ‘ರಾಮಾ ಕೃಷ್ಣಾ’ ಎನ್ನುತ್ತ ಕೂರಲು ಬಿಡುತ್ತಿದ್ದರು. ಈಗ ಪ್ರತಿಯೊಬ್ಬ ಪಿಂಚಣಿದಾರನೂ ಒಂದು ಪ್ರತಿಭೆಯನ್ನು ಹುಡುಕಿ ತೋರಿಸಬೇಕಾದ ಕಾಲ. ಭೇಟಿಯಾದವರೆಲ್ಲ ‘ಈಗ ಏನು ಮಾಡುತ್ತಿದ್ದೀರಿ ಸರ್’ ಎಂದು ಕೇಳುವ ಧಾಟಿಯಲ್ಲಿಯೇ ಒಂದು ಪರೀಕ್ಷೆಯಿರುತ್ತದೆ.

ಎರಡನೆಯದಾಗಿ, ನೀವು ಪ್ರತಿಭೆ ಎನ್ನುತ್ತಿರುವುದು ಬಿಡುವು ಮತ್ತು ಪಿಂಚಣಿಯ ಇನ್ನೊಂದು ಹೆಸರಲ್ಲವೆ? ಬೆಳಗಿನ ಹೊತ್ತು ಕೈಯಲ್ಲಿದ್ದು ತಿಂಗಳಿಗೆ ಹಣ ಬರುತ್ತಿದ್ದರೆ ಅಷ್ಟಿಷ್ಟು ಎಲ್ಲರಿಗೂ ಬರುತ್ತದೆ.

ಹಳೆಯ ಓದುಗ, ಮೈಸೂರು

ಸಂಶಯಿಯವರ ಎರಡನೆಯ ಮಾತಿಗೆ ರವೀಂದ್ರನಾಥ ಟಾಗೋರರನ್ನೇ ಸಾಕ್ಷಿಗೆ ಕರೆಯಬಹುದು. ಅವರಿಗೆ ಅನುಕೂಲಕ್ಕೇನೂ ಕೊರತೆ ಇರಲಿಲ್ಲ, ಆದರೂ ಚಿತ್ರಕಲೆ ಅವರ ಕೈ ಹಿಡಿದದ್ದು ಅರವತ್ತು ದಾಟಿದ ಮೇಲೆ. ಅದಕ್ಕೂ ಮೊದಲು ಅದು ಇದ್ದದ್ದು ಅವರ ಹಸ್ತಪ್ರತಿಗಳಲ್ಲಿ. ಬೇಡವೆನಿಸಿದ ಸಾಲುಗಳನ್ನು ಹೊಡೆದುಹಾಕುವಾಗ ಆ ಕಾಟುಗಳನ್ನು ಒಂದಕ್ಕೊಂದು ಸೇರಿಸಿ ವಿಚಿತ್ರ ಪ್ರಾಣಿಗಳ, ಮುಖವಾಡಗಳ ಆಕಾರ ಕೊಡುತ್ತಿದ್ದರು. ಹೊಡೆದುಹಾಕಿದ ಗೆರೆ ಪುಟದ ಮೇಲೆ ಅನಾಥವಾಗಿ ಬಿದ್ದಿರುವುದು ಅವರಿಗೆ ಸಹನೆಯಾಗುತ್ತಿರಲಿಲ್ಲ. ಮೊದಲ ಪ್ರದರ್ಶನ ನಡೆದದ್ದು 1930ರ ಮೇ ತಿಂಗಳಲ್ಲಿ, ಪ್ಯಾರಿಸ್‌ನಲ್ಲಿ. ಆಗ ಅವರಿಗೆ 69. ಅವರು ಬಿಟ್ಟುಹೋದ ಚಿತ್ರಗಳು 2000ಕ್ಕೂ ಹೆಚ್ಚು. ಬಿಡುವಿನಿಂದ ಇಷ್ಟೊಂದು ಚಿತ್ರಗಳು ಹುಟ್ಟುವುದಾದರೆ ನಮ್ಮ ಅಗ್ರಹಾರದ ಜಗುಲಿಗಳೆಲ್ಲ ಚಿತ್ರಶಾಲೆಗಳಾಗಿರಬೇಕಿತ್ತು.

ಧಾರವಾಡದ ಅಮ್ಮನವರಿಗೆ ಇನ್ನೊಬ್ಬರ ಪರಿಚಯ ಹಿಡಿಸಬಹುದು. 1860ರಲ್ಲಿ ಹುಟ್ಟಿದ ಅನ್ನಾ ಮೇರಿ ರಾಬರ್ಟ್‌ಸನ್ ಮೋಸಸ್ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಬ್ಬ ರೈತ ಮಹಿಳೆ. ಉಣ್ಣೆಯ ದಾರದಲ್ಲಿ ಹಳ್ಳಿಯ ದೃಶ್ಯಗಳನ್ನು ಹೊಲಿಯುತ್ತಿದ್ದ ಆಕೆಗೆ ಸಂಧಿವಾತ ಹೆಚ್ಚಿ ಸೂಜಿ ಹಿಡಿಯುವುದು ಕಷ್ಟವಾಯಿತು. ಕುಂಚ ಹಿಡಿದರೆ ನೋವು ಕಡಿಮೆಯೆಂದು ಬಣ್ಣಕ್ಕೆ ಬಂದರು. ಆಗಲೇ ವಯಸ್ಸು ಎಪ್ಪತ್ತೈದು ದಾಟಿತ್ತು. 1938ರಲ್ಲಿ ಚಿಕ್ಕ ಪಟ್ಟಣವೊಂದರ ಔಷಧಿ ಅಂಗಡಿಯ ಕಿಟಕಿಯಲ್ಲಿಟ್ಟಿದ್ದ ಆ ಚಿತ್ರಗಳು ಕಲಾಸಂಗ್ರಾಹಕರೊಬ್ಬರ ಕಣ್ಣಿಗೆ ಬಿದ್ದವು, 1940ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಏಕವ್ಯಕ್ತಿ ಪ್ರದರ್ಶನವೇ ನಡೆಯಿತು. ಜಗತ್ತು ಅವರನ್ನು ಅಜ್ಜಿ ಮೋಸಸ್ ಎಂದೇ ಕರೆಯಿತು. 101 ವರ್ಷ ಬದುಕಿದರು. ಅವರ ಚಿತ್ರಗಳಲ್ಲಿ ಹಿಮ ಬಿದ್ದ ಬಯಲಿನ ಮೇಲೆ ಸಣ್ಣ ಸಣ್ಣ ಜನ, ಬೇಲಿ, ಬಂಡಿಗಳು ಬಿಡಿಬಿಡಿಯಾಗಿ ಹರಡಿಕೊಂಡಿರುವುದನ್ನು ನೋಡಿದರೆ ಅದು ಹೊಲಿಗೆಯ ಕಣ್ಣು ಎಂದು ನನಗೆ ಅನ್ನಿಸುತ್ತದೆ.

ನಮ್ಮವರೇ ಬೇಕೆಂದರೆ ಪ್ರೊ. ಜಿ. ವೆಂಕಟಸುಬ್ಬಯ್ಯನವರ ಉದಾಹರಣೆಯಿದೆ. 1913ರಲ್ಲಿ ಹುಟ್ಟಿದವರು, ‘ಪ್ರಜಾವಾಣಿ’ಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ‘ಇಗೋ ಕನ್ನಡ’ ಅಂಕಣವನ್ನು ಆರಂಭಿಸಿದ್ದು 1991ರಲ್ಲಿ. ನಿಘಂಟಿನ ಕೆಲಸದಲ್ಲಿ ಅವರು ಅದಕ್ಕೂ ಮೊದಲೇ ದಿಗ್ಗಜರು, ಆದ್ದರಿಂದ ಇದನ್ನು ಹೊಸ ಪ್ರತಿಭೆ ಎನ್ನಲು ಸ್ವಲ್ಪ ಅಳುಕುತ್ತೇನೆ. ಆದರೂ ವಿದ್ವಾಂಸರಿಗಾಗಿ ಬರೆಯುವ ಕೈ ಬೇರೆ, ಅಂಚೆ ಕಾರ್ಡಿನಲ್ಲಿ ಸಂಶಯ ಕೇಳುವ ಸಾಮಾನ್ಯ ಓದುಗನಿಗೆ ನಾಲ್ಕೇ ಸಾಲಿನಲ್ಲಿ ತಿಳಿಹೇಳುವ ಕೈ ಬೇರೆ. ಈ ಎರಡನೆಯ ಕೈ ಇಡೀ ನಾಡಿಗೆ ಕಂಡದ್ದು ಅವರ 78ನೆಯ ವಯಸ್ಸಿನಲ್ಲಿ.

ತೋಟಿಗ, ಸಾಗರ

ಪಿಂಚಣಿ ಇಲ್ಲದವರ ಕಥೆಯೂ ಇಲ್ಲಿ ಇರಲಿ. ನಮ್ಮ ಊರಿನಲ್ಲಿ ಅಡಿಕೆ ಕೊನೆ ಕೊಯ್ಯುತ್ತಿದ್ದ ಒಬ್ಬರಿದ್ದಾರೆ. ಮರದಿಂದ ಮರಕ್ಕೆ ದಾಟುತ್ತಿದ್ದವರು, ಸೊಂಟದ ನೋವಿನಿಂದಾಗಿ ಮರ ಹತ್ತುವುದನ್ನು ಬಿಡಬೇಕಾಯಿತು. ಜೀವನ ಸಾಗಬೇಕಲ್ಲ, ನರ್ಸರಿಯಲ್ಲಿ ದಿನಗೂಲಿಗೆ ಸೇರಿದರು. ಮಳೆಗಾಲ ಹಿಡಿದು ಉಪ್ಪಿನಕಾಯಿಯ ಮಾವು ಅಪ್ಪೆಮಿಡಿಯ ಕಸಿ ಕಟ್ಟುವ ಕೆಲಸ ಶುರುವಾದಾಗ ಇವರ ಕೈಯಲ್ಲಿ ಹೋದ ಗಿಡ ಸಾಯುವುದೇ ಅಪರೂಪ ಎಂಬುದು ಎಲ್ಲರ ಗಮನಕ್ಕೆ ಬಂತು. ಬುಡದ ಗಿಡವನ್ನು ಸೀಳಿ, ಕಸಿಕಡ್ಡಿಯನ್ನು ಬೆಣೆಯಂತೆ ಎರಡು ಕಡೆ ಹೆರೆದು, ಎರಡರ ಹಸಿರು ಪೊರೆ ಕೂಡುವಂತೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಚೂರಿ ಒಂದೇ ಎಳೆತಕ್ಕೆ ಹೋಗಬೇಕು, ತಡವರಿಸಿದರೆ ಗಾಯ ಒಣಗುತ್ತದೆ. ಹತ್ತಾರು ಅಡಿ ಎತ್ತರದಲ್ಲಿ ಒಂದು ಕೈಯಲ್ಲಿ ಮರ ಹಿಡಿದು ಇನ್ನೊಂದು ಕೈಯಲ್ಲಿ ಕತ್ತಿ ಆಡಿಸಿದವರಿಗೆ ನೆಲದ ಮೇಲೆ ಕುಳಿತು ಆ ಕೆಲಸ ಮಾಡುವುದು ಕಷ್ಟವಾಗಲಿಲ್ಲ ಎಂದು ನಾನು ತಿಳಿದುಕೊಂಡಿದ್ದೇನೆ.

ಕೈಗಿಂತ ಮಿಗಿಲು ಅವರ ಮೂಗು. ಅಪ್ಪೆಮಿಡಿಯ ಜಾತಿಗಳನ್ನು ಸೊನೆಯ ವಾಸನೆಯಿಂದ ಗುರುತಿಸುತ್ತಾರೆ, ಜೀರಿಗೆಯ ಪರಿಮಳದ್ದು ಜೀರಿಗೆ ಮಿಡಿ. ಹೊಳೆಸಾಲಿನ ಯಾವ ಮರ ಯಾವ ವಾಸನೆಯದು ಎಂದು ಇವರು ಎಲೆ ಮುರಿದು ಹೇಳಬಲ್ಲರು. ಮರ ಹತ್ತಲು ಹೋಗಿ ಬರುವ ದಾರಿಯಲ್ಲಿ ಮೂಗಿಗೆ ಬಿದ್ದದ್ದೆಲ್ಲ ಅಲ್ಲಿ ದಾಖಲಾಗಿತ್ತು. ಈಗ ನಮ್ಮಂಥವರು ಒಳ್ಳೆಯ ತಾಯಿಮರ ಹುಡುಕಬೇಕಾದರೆ ಮೊದಲು ಇವರನ್ನು ಕರೆಯುತ್ತೇವೆ. ಇವರಿಗೆ ಇದು ಹವ್ಯಾಸವಲ್ಲ, ಬಿಡುವಿನ ವೇಳೆಯ ಸಾಧನೆಯೂ ಅಲ್ಲ.

ವೈದ್ಯೆ, ಮಂಗಳೂರು

ವಯಸ್ಸು ಮತ್ತು ಕಲಿಕೆಯ ಬಗ್ಗೆ ವೈದ್ಯಕೀಯದ ಕಡೆಯಿಂದ ಒಂದೆರಡು ಮಾತು. ಹೊಸ ಮಾಹಿತಿಯನ್ನು ಗ್ರಹಿಸುವ ವೇಗ ಯೌವನ ಕಳೆದಂತೆ ನಿಧಾನವಾಗಿ ಇಳಿಯುತ್ತದೆ. ಶಬ್ದಸಂಪತ್ತು ಮತ್ತು ಅನುಭವದಿಂದ ಬಂದ ತಿಳಿವಳಿಕೆ ಅರವತ್ತು ದಾಟಿದರೂ ಹಾಗೆಯೇ ಉಳಿಯುತ್ತದೆ, ಹಲವರಲ್ಲಿ ಬೆಳೆಯುತ್ತದೆ. ಆದ್ದರಿಂದ ಹಿಂದಿನ ಅನುಭವವನ್ನು ಆಧರಿಸಿದ ವಿದ್ಯೆ ತಡವಾಗಿ ಒಲಿಯುವುದು ಸಹಜ. ಸಂಶಯಿಯವರು ಹಾರ್ಮೋನಿಯಂ ವಿಷಯದಲ್ಲಿ ತಮ್ಮನ್ನು ತಾವೇ ದೂಷಿಸಿಕೊಳ್ಳಬೇಕಾಗಿಲ್ಲ: ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಹೆಚ್ಚಿನ ಆವರ್ತನದ ಧ್ವನಿಗಳನ್ನು, ಬೆರಳಿನ ಚುರುಕೂ ಕುಗ್ಗುತ್ತದೆ.

ಇನ್ನೊಂದು ವಿಷಯವನ್ನು ಹೆದರಿಸಲೆಂದು ಹೇಳುತ್ತಿಲ್ಲ, ಆದರೆ ಮನೆಯವರಿಗೆ ತಿಳಿದಿರಬೇಕು. ಮಿದುಳಿನ ಮುಂಭಾಗ ಮತ್ತು ಕಿವಿಯ ಬಳಿಯ ಪಕ್ಕದ ಭಾಗಗಳು ಕ್ಷೀಣಿಸುವ ಒಂದು ಬಗೆಯ ಮರೆವಿನ ಕಾಯಿಲೆಯಲ್ಲಿ, ಎಂದೂ ಕುಂಚ ಹಿಡಿಯದ ಕೆಲವರು ಏಕಾಏಕಿ ಚಿತ್ರ ಬರೆಯಲು ತೊಡಗುವುದುಂಟು. ಕ್ಯಾಲಿಫೋರ್ನಿಯಾದ ನರವೈದ್ಯ ಬ್ರೂಸ್ ಮಿಲ್ಲರ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಇಂಥ ರೋಗಿಗಳನ್ನು ವರದಿ ಮಾಡಿದರು. ಕೆನಡಾದ ವಿಜ್ಞಾನಿ ಆ್ಯನ್ ಆ್ಯಡಮ್ಸ್ ವಿಜ್ಞಾನವನ್ನು ಬಿಟ್ಟು ಚಿತ್ರಕಲೆಗೆ ತಿರುಗಿ, 1994ರಲ್ಲಿ ಸಂಗೀತಕೃತಿಯೊಂದರ ಪ್ರತಿ ಘಟ್ಟವನ್ನೂ ಬಣ್ಣದ ಪಟ್ಟಿಗಳಾಗಿ ಮೂಡಿಸಿದರು. ಮಾತು ಕ್ರಮೇಣ ಕಳೆದುಹೋಗುವ ಕಾಯಿಲೆ ಅವರಲ್ಲಿದ್ದದ್ದು ಕೆಲವು ವರ್ಷಗಳ ನಂತರ ತಿಳಿಯಿತು. ಇದು ತೀರ ವಿರಳ. ಚಿತ್ರ ಬರೆಯುವುದೇ ಲಕ್ಷಣವಲ್ಲ. ಒಂದೇ ಕೆಲಸವನ್ನು ಬಿಡದೆ ಮಾಡುವ ಹಟ, ಮಾತು ಕಡಿಮೆಯಾಗುವುದು, ಪರಿಚಿತ ಶಬ್ದಗಳೇ ನೆನಪಿಗೆ ಬಾರದಿರುವುದು, ನಡವಳಿಕೆಯಲ್ಲಿ ಹಿಂದಿಲ್ಲದ ಒರಟುತನ ಇವೆಲ್ಲ ಜೊತೆಗೆ ಕಂಡರೆ ಮಾತ್ರ ನರತಜ್ಞರಿಗೆ ತೋರಿಸಬೇಕು.

ಹೀಗಾಗಿ ‘ಮೊದಲು ಎಲ್ಲಿತ್ತು’ ಎಂಬ ಈ ಚರ್ಚೆಯ ಪ್ರಶ್ನೆ ನಮಗೂ ಉಪಯುಕ್ತ. ಬೇರು ಕಾಣುವ ಆಸಕ್ತಿಯ ಬಗ್ಗೆ ನನಗೆ ಚಿಂತೆಯಿಲ್ಲ. ಬೇರೇ ಇಲ್ಲದೆ ಬಂದದ್ದರ ಜೊತೆಗೆ ಸ್ವಭಾವವೂ ಬದಲಾಗಿದ್ದರೆ ನಾನು ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತೇನೆ.

ಮಾಜಿ ಶಿರಸ್ತೇದಾರ, ಶಿವಮೊಗ್ಗ

ಎಲ್ಲರಿಗೂ ವಂದನೆಗಳು. ಧಾರವಾಡದ ತಾಯಿಯವರ ತಕರಾರನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಅದಕ್ಕೆ ಒಂದು ಸೇರ್ಪಡೆಯೂ ಇದೆ. ನೋಡುವವರು ಕೆಲವೊಮ್ಮೆ ಹೊರಗಿನವರೇ ಆಗಿರಬೇಕಾಗುತ್ತದೆ. ನನ್ನ ಓದನ್ನು ನನ್ನ ಜೊತೆಯ ನೌಕರರು ದಿನವೂ ಕೇಳುತ್ತಿದ್ದರು, ಅವರಿಗೂ ಅದು ಕೆಲಸದ ಸದ್ದು. ಅದನ್ನು ಬೇರೆಯಾಗಿ ಕೇಳಿಸಿಕೊಳ್ಳಲು ಹೇಳಿಕೆ, ಪಾಟೀಸವಾಲುಗಳ ಪರಿಚಯವೇ ಇಲ್ಲದ ಗಮಕದ ಗುರುಗಳೇ ಬೇಕಾಯಿತು. ಸಾಗರದ ತೋಟಿಗರು ಹೇಳಿದವರಿಗೆ ನರ್ಸರಿಯವರು, ಅಜ್ಜಿ ಮೋಸಸ್‌ಗೆ ಔಷಧಿ ಅಂಗಡಿಯ ಮುಂದೆ ನಿಂತ ಆ ಸಂಗ್ರಾಹಕ. ನಮ್ಮ ಮನೆಯವರಿಗೂ ಸಹೋದ್ಯೋಗಿಗಳಿಗೂ ನಮ್ಮ ಪರಿಚಯ ಅತಿಯಾಗಿರುತ್ತದೆ.

ಸಂಶಯಿಯವರೇ, ನಿಮಗೆ ಒಂದು ಪ್ರಶ್ನೆ. ನೀವು ಹೇಳಿದ ಹಾರ್ಮೋನಿಯಂ, ಜಲವರ್ಣ, ಚೆಸ್ ಎಲ್ಲವೂ ಪ್ರತಿಭೆಯ ಪಟ್ಟಿಯಲ್ಲಿ ಮೊದಲೇ ಹೆಸರು ಬರೆಸಿಕೊಂಡವು. ನಿಮ್ಮ ನೌಕರಿ ಏನಿತ್ತು, ಅದರಲ್ಲಿ ಬೇರೆಯವರು ತಮ್ಮ ಮೇಜಿನಿಂದ ಎದ್ದು ನಿಮ್ಮ ಹತ್ತಿರ ಯಾವುದಕ್ಕಾಗಿ ಬರುತ್ತಿದ್ದರು?

ಸಂಶಯಿ, ಬೆಂಗಳೂರು

ಕಾರ್ಖಾನೆಯೊಂದರಲ್ಲಿ ವೇಳಾಪಟ್ಟಿ ಮತ್ತು ರಜೆಯ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಜನ ನನ್ನ ಹತ್ತಿರ ಬರುತ್ತಿದ್ದದ್ದು ಜಗಳ ಬಗೆಹರಿಸಿಕೊಳ್ಳಲು. ಯಾರ ಪಾಳಿ ಯಾರಿಗೆ ಬದಲಾಯಿಸಿದರೆ ಇಬ್ಬರೂ ಗೊಣಗುವುದಿಲ್ಲ ಎಂಬುದು ನನಗೆ ತಿಳಿಯುತ್ತಿತ್ತು. ಈಗ ನಮ್ಮ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಗಲಾಟೆಗೆಲ್ಲ ನನ್ನನ್ನೇ ಕರೆಯುತ್ತಾರೆ. ನಾನು ಅದನ್ನು ಕಾಟ ಎಂದುಕೊಂಡಿದ್ದೆ, ಈಗಲೂ ಬಹುಮಟ್ಟಿಗೆ ಕಾಟವೇ. ಇದನ್ನು ಪ್ರತಿಭೆ ಎಂದು ಹೆಸರಿಸಿ ನನ್ನನ್ನು ಸಂಘದ ಕಾರ್ಯದರ್ಶಿ ಮಾಡಲು ಯಾರಾದರೂ ಹೊರಟರೆ, ಆ ಪಾಪ ನಿಮ್ಮದೇ.

ಕಸೂತಿಯಾಕೆ, ಧಾರವಾಡ

ಸಂಶಯಿ ಅಣ್ಣನವರೆ, ನಮ್ಮ ಕಸೂತಿ ಗುಂಪಿಗೂ ಅಂಥವರೊಬ್ಬರು ಬೇಕಾಗಿದ್ದಾರೆ. ಬಂದ ಬೇಡಿಕೆಯಲ್ಲಿ ಯಾರಿಗೆ ಸೆರಗು, ಯಾರಿಗೆ ಅಂಚು ಎಂಬುದಕ್ಕೆ ನಮ್ಮಲ್ಲಿ ದಿನವೂ ಮಾತಿಗೆ ಮಾತು ಬೆಳೆಯುತ್ತದೆ.

ಶಿರಸ್ತೇದಾರ ಸಾಹೇಬರಿಗೆ ಒಂದು ಕೇಳಿಕೆ. ನಮ್ಮ ಓಣಿಯಲ್ಲಿ ಶ್ರಾವಣಕ್ಕೆ ಭಾರತ ವಾಚನ ಇಡಿಸಬೇಕೆಂದಿದ್ದೇವೆ. ಮಳೆ ಕೈಕೊಟ್ಟರೆ ವಿರಾಟಪರ್ವ ಓದಿಸುವುದು ನಮ್ಮ ಹಿರಿಯರ ಪದ್ಧತಿ. ಹೊಸಬರೇ ಓದುವುದಾದರೆ ಅದರಲ್ಲಿ ಯಾವ ಭಾಗದಿಂದ ಆರಂಭಿಸಿದರೆ ಸುಲಭ?

ಮಾಜಿ ಶಿರಸ್ತೇದಾರ, ಶಿವಮೊಗ್ಗ

ಉತ್ತರಕುಮಾರನ ಪ್ರಸಂಗದಿಂದ ಆರಂಭಿಸಿರಿ. ಹೆಂಗಸರ ನಡುವೆ ಪೌರುಷ ಕೊಚ್ಚಿಕೊಳ್ಳುವುದು, ಕೌರವ ಸೇನೆ ಕಂಡೊಡನೆ ರಥ ಬಿಟ್ಟು ಓಡುವುದು ಎಲ್ಲವೂ ಸಂಭಾಷಣೆಯ ಧಾಟಿಯಲ್ಲಿದೆ. ಹೊಸಬರಿಗೆ ನಿಲ್ಲುವ ಜಾಗ ಮಾತಿನ ಓಘದಲ್ಲಿಯೇ ಸಿಗುತ್ತದೆ, ಕೇಳುವವರಿಗೂ ನಗು ಬರುತ್ತದೆ. ರಾಗದ ಚಿಂತೆ ಮೊದಲೇ ಬೇಡ. ಪದ್ಯವನ್ನು ಗದ್ಯದಂತೆ ಓದಿಕೊಂಡು, ಸಾಲಿನ ಕೊನೆಗೆ ತುಂಡಾದ ಶಬ್ದಗಳಿಗೆಲ್ಲ ಪೆನ್ಸಿಲಿನಲ್ಲಿ ಒಂದು ಕೊಂಡಿ ಹಾಕಿಟ್ಟುಕೊಳ್ಳಿರಿ. ಪಕ್ಕದಲ್ಲಿ ವ್ಯಾಖ್ಯಾನ ಹೇಳುವವರೊಬ್ಬರು ಇರಲೇಬೇಕು. ಅದಕ್ಕೆ ಪಂಡಿತರೇ ಸಿಗದಿದ್ದರೆ, ಮಕ್ಕಳಿಗೆ ಕಥೆ ಹೇಳಿ ಕೂರಿಸುವ ಅಜ್ಜಿಯೊಬ್ಬರು ನಿಮ್ಮ ಓಣಿಯಲ್ಲಿ ಇದ್ದೇ ಇರುತ್ತಾರೆ, ಅವರನ್ನು ಕೇಳಿ ನೋಡಿರಿ.